ಪೊಲೀಸು, ನೀವು ಮತ್ತು ಹಿಂದೆ ಬರುವವನು

ಟ್ರಾಫಿಕ್ ಪೊಲೀಸ್ ಗಾಡಿ ನಿಲ್ಲಿಸಿದ ಕಥೆ ನಮ್ಮಲ್ಲಿ ಎಲ್ಲರ ಹತ್ತಿರವೂ ಒಂದೊಂದು ಇರುತ್ತೆ. ಆಫೀಸ್ ಕ್ಯಾಂಟೀನಿನಲ್ಲಿ ಯಾರಾದರೂ ಒಬ್ಬರು ಶುರು ಮಾಡಿದರೆ ಸಾಕು, ಟೀ ಆರಿ ತಣ್ಣಗಾಗುವವರೆಗೂ ನಡೆಯುತ್ತೆ. ಆ ಕಥೆಗಳಲ್ಲಿ ಪಾತ್ರಗಳು ಎರಡೇ: ನಿಲ್ಲಿಸಿದವರು, ನಿಂತವರು. ಯಾರು ಜೋರು ಮಾಡಿದ್ರು, ಯಾರು ಮೆತ್ತಗಾದ್ರು, ರಸೀದಿ ಕೊಟ್ರಾ ಇಲ್ವಾ, ಇಷ್ಟೇ. ಅದೇ ಹೊತ್ತಿನಲ್ಲಿ ಇವರಿಬ್ಬರ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಐವತ್ತರ ವೇಗದಲ್ಲಿ ಹಾದುಹೋದವರ ಸುದ್ದಿ ಯಾವ ಕಥೆಯಲ್ಲೂ ಬರಲ್ಲ. ನನಗೆ ಈಚೆಗೆ ಆ ಮೂರನೆಯವನದ್ದೇ ಯೋಚನೆ.

2025ರ ಮೇ ತಿಂಗಳ ಕೊನೆಯ ವಾರ ಮಂಡ್ಯದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ನಾಯಿ ಕಚ್ಚಿದ್ದ ಪುಟ್ಟ ಮಗಳನ್ನು ಅಪ್ಪ ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗ್ತಿದ್ರು. ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಪೊಲೀಸರು ತಡೆದರು. ಬೈಕ್ ಆಯ ತಪ್ಪಿತು, ಮಗು ರಸ್ತೆಗೆ ಬಿತ್ತು, ಹಿಂದೆ ಬರುತ್ತಿದ್ದ ವಾಹನ ಅದರ ಮೇಲೆ ಹರಿಯಿತು. ಜನ ರಸ್ತೆ ತಡೆದು ಪ್ರತಿಭಟಿಸಿದರು, ಮೂವರು ಎಎಸ್‌ಐಗಳು ಅಮಾನತಾದರು. ಆ ವಾರ ಓದಿದ ಎಷ್ಟೋ ಬರಹಗಳಲ್ಲಿ ಅರ್ಧದಷ್ಟು ಪೊಲೀಸರನ್ನು ಬೈದವು, ಇನ್ನರ್ಧ 'ಹೆಲ್ಮೆಟ್ ಹಾಕಿದ್ದಿದ್ರೆ ಇದೆಲ್ಲ ಆಗ್ತಿತ್ತಾ?' ಅಂತ ಕೇಳಿದವು. ಈ ಎರಡನೇ ಪ್ರಶ್ನೆ ಕೇಳಿದವರ ಮನೆಯಲ್ಲಿ ಕಾರು ಇದೆ ಅಂತ ನನ್ನ ಗುಮಾನಿ. ನಮ್ಮೂರು ಹೆದ್ದಾರಿಯಿಂದ ಮೂರು ಕಿಲೋಮೀಟರ್ ಒಳಗಿದೆ. ಅಲ್ಲಿ ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ, ಹೊಟ್ಟೆನೋವು ಬಂದರೆ ಬೈಕೇ ಆಂಬುಲೆನ್ಸು. ಓಡಿಸೋನು ಒಬ್ಬ, ನಡುವೆ ರೋಗಿ, ರೋಗಿಯನ್ನು ಹಿಡ್ಕೊಳ್ಳೋಕೆ ಹಿಂದೆ ಇನ್ನೊಬ್ಬ. ಮೂರು ಹೆಲ್ಮೆಟ್ ಹುಡುಕಿಕೊಂಡು ಯಾರೂ ಹೊರಡಲ್ಲ.

ಹಾಗಂತ ಹೆಲ್ಮೆಟ್ ಬೇಡ ಅಂತ ಹೇಳ್ತಿಲ್ಲ. ನನ್ನ ಪ್ರಶ್ನೆ ಬೇರೆ. ಹೆಲ್ಮೆಟ್ ನಿಯಮ ಇರೋದು ತಲೆ ಉಳಿಸೋಕೆ. ಅದನ್ನು ಜಾರಿ ಮಾಡುವ ಕ್ರಿಯೆಯೇ ಒಂದು ತಲೆಗೆ, ಅದೂ ನಿಯಮ ಅಂದ್ರೆ ಏನೂಂತ ಗೊತ್ತಿಲ್ಲದ ಒಂದು ತಲೆಗೆ, ಅಪಾಯ ತರೋದಾದರೆ ಆ ಕ್ಷಣದಲ್ಲಿ ನಿಯಮಕ್ಕೆ ಎಷ್ಟು ತೂಕ ಕೊಡಬೇಕು? ತಪ್ಪು ಮಾಡಿದವನನ್ನು ಬಿಟ್ಟುಬಿಡೋದೇ ಸರಿಯಾದ ಕೆಲಸ ಆಗುವ ಸಂದರ್ಭ ಇದೆಯಾ?

ಸ್ವಲ್ಪ ಲೆಕ್ಕ ಹಾಕೋಣ, ನಮ್ಮ ಕಸುಬೇ ಅದು. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ಎದುರಿಗೆ ಖಾಕಿ ಕಂಡು, ಅದು ಏನು ಅಂತ ತಿಳಿದು, ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಹಿಡಿಯುತ್ತೆ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಗಾಡಿ 25 ಮೀಟರ್ ಹೋಗಿರುತ್ತೆ, ಬ್ರೇಕ್ ಇನ್ನೂ ಒತ್ತೇ ಇಲ್ಲ. ಒತ್ತಿದ ಮೇಲೆ ಒಣ ಟಾರ್ ಮೇಲೂ ಒಂದು ಕಾರಿಗೆ ಇನ್ನೊಂದು 20 ಮೀಟರಿಗಿಂತ ಹೆಚ್ಚು ಬೇಕು. ಜಲ್ಲಿ ತುಂಬಿದ ಲಾರಿಗೆ ಎಷ್ಟು ಬೇಕು ಅಂತ ಲಾರಿ ಡ್ರೈವರನ್ನೇ ಕೇಳಬೇಕು. ಫ್ಲೈಓವರ್ ಇಳಿಜಾರು ಮುಗಿಯುವ ಕಡೆ ಕಂಬದ ಮರೆಯಿಂದ ಒಬ್ಬರು ರಸ್ತೆಗೆ ಕಾಲಿಟ್ಟು ಕೈ ಅಡ್ಡ ಹಿಡಿದರೆ, ಅವರು ನಿಲ್ಲಿಸ್ತಿರೋದು ಒಂದು ಬೈಕನ್ನಲ್ಲ. ಅದರ ಹಿಂದಿನ ಆಟೋ, ಆಟೋ ಹಿಂದಿನ ಬಿಎಂಟಿಸಿ, ಬಸ್ಸಿನ ಪಕ್ಕದಲ್ಲಿ ನುಗ್ಗುತ್ತಿರೋ ಫುಡ್ ಡೆಲಿವರಿ ಹುಡುಗ, ಎಲ್ಲರೂ ಅದೇ ಕ್ಷಣದಲ್ಲಿ ನಿರ್ಧಾರ ಮಾಡಬೇಕು. ಅವರಲ್ಲಿ ಯಾರಿಗೂ ಕೈ ತೋರಿಸಿದ್ದು ಕಾಣಿಸಿರಲ್ಲ. ಪ್ರೊಡಕ್ಷನ್ ಸರ್ವರಿನಲ್ಲಿ ಒಂದು ಪ್ರಾಸೆಸ್ ನಿಲ್ಲಿಸೋ ಮುಂಚೆ ಅದನ್ನು ನೆಚ್ಚಿಕೊಂಡಿರೋವು ಯಾವ್ಯಾವು ಅಂತ ನಾವು ಹತ್ತು ಸಲ ನೋಡ್ತೀವಿ. ಅಲ್ಲಿ ಹೋಗೋದು ಬರೀ ಡೇಟಾ.

ನಮ್ಮ ತಾತ ಬೆದರಿದ ಎತ್ತಿನ ಬಗ್ಗೆ ಒಂದು ಮಾತು ಹೇಳ್ತಿದ್ದ. ಓಡೋ ಎತ್ತಿಗೆ ಎದುರು ನಿಲ್ಲಬಾರದು, ಪಕ್ಕದಲ್ಲೇ ಓಡಿ, ಎಳ್ಕೊಂಡು ಹೋಗ್ತಿರೋ ಹಗ್ಗ ತುಳೀಬೇಕು. ಹಗ್ಗ ಸಿಗದಿದ್ರೆ ಬಿಟ್ಬಿಡು, ಸಂಜೆಗೆ ಕೊಟ್ಟಿಗೆಗೇ ಬರುತ್ತೆ. ಈಗಿನ ಗಾಡಿಗಳಿಗೂ ಕೊಟ್ಟಿಗೆ ಇದೆ, ಅದರ ಹೆಸರು ನಂಬರ್ ಪ್ಲೇಟು. ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರಿನಿಂದ ಕ್ಯಾಮೆರಾಗಳೇ ನಂಬರ್ ಓದಿ ಕೇಸ್ ಹಾಕ್ತಿವೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದಾಗ ಎಲೆಕ್ಟ್ರಾನಿಕ್ ಜಾರಿಗೇ ಅಂತ ಒಂದು ಹೊಸ ಕಲಂ ಸೇರಿಸಿದರು. ದಾಖಲೆಗಳಂತೂ ಫೋನಿನಲ್ಲೇ ಇವೆ. ಅಂದಮೇಲೆ ತಲೆ ಮೇಲೆ ಹೆಲ್ಮೆಟ್ ಇಲ್ಲ ಅನ್ನೋ 500 ರೂಪಾಯಿಯ ತಪ್ಪಿಗೆ ರಸ್ತೆ ಮಧ್ಯೆ ಜೀವ ಪಣಕ್ಕಿಡೋ ಅವಶ್ಯಕತೆ ಏನಿದೆ?

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಬರಹ ಚೆನ್ನಾಗಿರುತ್ತೆ, ಲೈಕೂ ಬರುತ್ತೆ. ಆದರೆ ನನ್ನ ಹೈಸ್ಕೂಲ್ ಜೊತೆಗಾರ ಒಬ್ಬ ಟ್ರಾಫಿಕ್‌ನಲ್ಲಿ ಹೆಡ್ ಕಾನ್‌ಸ್ಟೇಬಲ್. ಊರ ಹಬ್ಬದಲ್ಲಿ ಸಿಕ್ಕಾಗ ಇದನ್ನೇ ಅವನ ಮುಂದೆ ಹೇಳಿದೆ. ಅವನು ನಕ್ಕ.

"ಲೋ ಮಗಾ, ನಿನ್ ಕ್ಯಾಮ್ರಾ ಕುಡ್ದಿರೋನ್ ಬಾಯಿ ಮೂಸ್ ನೋಡ್ತದೇನೋ? ನೋಟೀಸ್ ಕಳಿಸ್ತದೆ, ಸರಿ. ಆವತ್ತು ರಾತ್ರಿ ಅವ್ನು ಯಾರ್ಗೋ ಗುದ್ತಾನಲ್ಲ, ಅದಕ್ಕೆ?"

ನಿಜ. ಇನ್ನೂ ಒಂದು ಸೇರಿಸಿದ. ಪ್ಲೇಟಿನ ಕೊನೆ ಅಂಕಿ ಮೇಲೆ ಸ್ಟಿಕರ್ ಅಂಟಿಸಿದವನು, ಪ್ಲೇಟನ್ನೇ ಮೇಲಕ್ಕೆ ಬಗ್ಗಿಸಿದವನು, ಬೇರೆಯವರ ನಂಬರ್ ಹಾಕ್ಕೊಂಡು ತಿರುಗೋನು, ಇವರೆಲ್ಲ ಕ್ಯಾಮೆರಾಗೆ ಸಾಧುಗಳು. ಯಾವನೋ ಮಾಡಿದ ತಪ್ಪಿಗೆ ಇನ್ಯಾರೋ ಮಾಸ್ತರ ಮನೆಗೆ ನೋಟೀಸ್ ಹೋಗುತ್ತೆ. ಅಲ್ಲದೆ ಕ್ಯಾಮೆರಾಗೆ ಕಣ್ಣಿದೆ, ಕಿವಿ ಇಲ್ಲ. 'ಸಾರ್, ಮಗೂಗೆ ನಾಯಿ ಕಚ್ಚಿದೆ' ಅಂದರೆ ಕೇಳಿಸಿಕೊಂಡು 'ಹೋಗಮ್ಮ, ಬೇಗ ಹೋಗು' ಅನ್ನೋಕೆ ಆಗೋದು ಮನುಷ್ಯನಿಗೇ.

ಆಮೇಲೆ ಅವನು ಹೇಳಿದ್ದನ್ನು ನಾನು ಮರೆತಿಲ್ಲ. "ನಿಲ್ಸದು ನನ್ ಕೆಲ್ಸ. ಎಲ್ ನಿಂತ್ಕೊಂಡು ನಿಲ್ಸ್ಬೇಕು ಅನ್ನದು ನಾನ್ ಕೇಳಂಗಿಲ್ಲ. ದಿನಕ್ಕೆ ಇಷ್ಟ್ ಕೇಸ್ ಆಗ್ಬೇಕು ಅಂತಾರೆ. ಸೈಡಲ್ ನಿಂತ್ರೆ ಯಾರೂ ನಿಲ್ಸಲ್ಲ, ಒಳಕ್ ಹೋದ್ರೆ ನಿಲ್ಲುಸ್ತಾರೆ. ನಂಗೂ ಮನೇಲ್ ಇಬ್ರು ಮಕ್ಳವೆ ಕಣೋ."

ಹಾಗಾಗಿ ರಸ್ತೆಯೊಳಕ್ಕೆ ಹೆಜ್ಜೆ ಇಡೋ ಆ ಕಾಲು ಪೂರ್ತಿ ಅವನದ್ದಲ್ಲ. ಅದಕ್ಕೆ ಹಿಂದಿನಿಂದ ಒಂದು ಟಾರ್ಗೆಟ್ ಒತ್ತುತ್ತಿದೆ, ಮುಂದಿನಿಂದ ನಮ್ಮ ಸ್ವಭಾವ ಎಳೀತಿದೆ. ಸೈಡಲ್ಲಿ ನಿಂತು ಕೈ ಮಾಡಿದರೆ ನಾವು ನಿಲ್ಲಿಸಲ್ವಲ್ಲ! ನಮ್ಮ ಕಂಪನಿಗಳಲ್ಲಿ ಸಿಸ್ಟಮ್ ಬಿದ್ದರೆ ಮಾರನೇ ದಿನ ಕೂತು ರೂಟ್ ಕಾಸ್ ಹುಡುಕ್ತೀವಿ, ಬಟನ್ ಒತ್ತಿದವನ ಹೆಸರಿಗಿಂತ ಆ ಬಟನ್ ಅಲ್ಲಿ ಯಾಕಿತ್ತು ಅನ್ನೋದೇ ಮುಖ್ಯ ಅಂತ ಮೀಟಿಂಗಿನಲ್ಲಿ ದೊಡ್ಡದಾಗಿ ಮಾತಾಡ್ತೀವಿ. ರಸ್ತೆ ಮೇಲೆ ಮಗು ಸತ್ತಾಗ ಮಾತ್ರ ಮೂರು ಅಮಾನತು ಆದ ಕೂಡಲೇ ನಮಗೆ ನ್ಯಾಯ ಸಿಕ್ಕಿಬಿಡುತ್ತೆ. ಆ ಮೂವರದ್ದು ತಪ್ಪಿಲ್ಲ ಅಂತ ಹೇಳೋಕೆ ನಾನು ಯಾರೂ ಅಲ್ಲ. ಅಷ್ಟಕ್ಕೇ ಮುಗೀತು ಅನ್ನೋದು ನನಗೆ ಒಪ್ಪಿಗೆಯಿಲ್ಲ.

ಪುಣ್ಯಕ್ಕೆ ಅಷ್ಟಕ್ಕೇ ಮುಗೀಲಿಲ್ಲ. ಆ ಘಟನೆಯ ಬೆನ್ನಿಗೇ ರಾಜ್ಯದ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಅವರು ಇಲಾಖೆಗೆ ಸೂಚನೆ ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡೋಕೆ ಗಾಡಿ ನಿಲ್ಲಿಸಬಾರದು, ಏಕಾಏಕಿ ಅಡ್ಡ ಬರಬಾರದು, ಹಿಂಬದಿ ಸವಾರರನ್ನು ಎಳೆಯಬಾರದು, ಕೀ ಕಿತ್ತುಕೊಳ್ಳಬಾರದು. ಜೋರಾಗಿ ಹೋಗುವ ಗಾಡಿಯನ್ನು ಬೆನ್ನಟ್ಟದೆ ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು. ಓದಿದಾಗ ನನಗೆ ತಾತನ ಎತ್ತು ನೆನಪಾಯ್ತು. ಹಗ್ಗ ಸಿಗದಿದ್ರೆ ಬಿಟ್ಬಿಡು ಅನ್ನೋದನ್ನೇ ಸರ್ಕಾರಿ ಭಾಷೆಯಲ್ಲಿ ಬರೆದಿದ್ದಾರೆ.

ಈ 'ಬಿಟ್ಬಿಡು' ಸುಲಭದ ಮಾತಲ್ಲ. ಬಿಟ್ಟರೆ ಕಾನೂನಿಗೆ ಬೆಲೆ ಏನು ಉಳೀತು ಅಂತ ಕೇಳುವವರಿದ್ದಾರೆ, ಅವರ ಪ್ರಶ್ನೆಯಲ್ಲೂ ಹುರುಳಿದೆ. ನನಗನಿಸೋದು ಇಷ್ಟು. ಹೆಲ್ಮೆಟ್ ಹಾಕದವನು ಹೆಚ್ಚಾಗಿ ತನ್ನ ತಲೆಯನ್ನೇ ಒತ್ತೆ ಇಡ್ತಾನೆ. ಅವನನ್ನು ಹಿಡಿಯೋ ಭರದಲ್ಲಿ ಹಿಂದೆ ಬರುವವರ ತಲೆಯನ್ನು ಒತ್ತೆ ಇಟ್ಟರೆ ವ್ಯವಹಾರವೇ ತಲೆಕೆಳಗಾಯ್ತು. ಕುಡಿದು ಓಡಿಸೋನು ಹಾಗಲ್ಲ, ಅವನು ಒತ್ತೆ ಇಡೋದು ಪರರ ಜೀವವನ್ನೇ. ಅವನನ್ನು ಆವತ್ತೇ, ಅಲ್ಲೇ ನಿಲ್ಲಿಸಬೇಕು. ಅದಕ್ಕೇ ಆ ತಪಾಸಣೆಗೆ ಜಾಗ ನೋಡಿ, ದೂರದಿಂದಲೇ ಬ್ಯಾರಿಕೇಡ್ ಕಾಣೋ ಹಾಗೆ ಇಟ್ಟು, ಮಿನುಗುವ ದೀಪ ಹಾಕಿ, ನಾಲ್ಕು ಜನ ರಿಫ್ಲೆಕ್ಟಿವ್ ಜಾಕೆಟ್ ತೊಟ್ಟು ನಿಂತರೆ ಯಾರೂ ತಕರಾರು ಮಾಡಬಾರದು. ಹತ್ತು ನಿಮಿಷ ತಡ ಆಗುತ್ತೆ, ಆಗ್ಲಿ.

ಈಗ ನಮ್ಮ ಪಾಲು. ರಾಜ್ಯದ ಯಾವ ರಸ್ತೆಯಲ್ಲಿ ಹೋದರೂ ಎದುರಿನಿಂದ ಬರೋ ಗಾಡಿಯವನು ಎರಡು ಸಲ ಲೈಟ್ ಮಿಣುಕಿಸ್ತಾನೆ. ಮುಂದೆ ಪೊಲೀಸ್ ಇದ್ದಾರೆ ಅಂತ ಅರ್ಥ. ಗೊತ್ತಿಲ್ಲದ ಮನುಷ್ಯ ಗೊತ್ತಿಲ್ಲದವನಿಗೆ ಮಾಡೋ ಉಪಕಾರ, ಇಂಥ ಒಗ್ಗಟ್ಟು ನಮ್ಮಲ್ಲಿ ಬೇರೆಲ್ಲೂ ಕಾಣಲ್ಲ. ಇದು ಒಳ್ಳೇದಾ ಕೆಟ್ಟದ್ದಾ? ಜೋರಾಗಿ ಹೋಗ್ತಿದ್ದವನು ಮಿಣುಕು ನೋಡಿ ನಿಧಾನ ಮಾಡಿದರೆ ಪೊಲೀಸ್ ಮಾಡಬೇಕಾದ ಕೆಲಸ ಪುಕ್ಕಟೆಯಾಗಿ ಆಯ್ತು. ಅಲ್ಲಿ ರಸ್ತೆ ಮೇಲೆ ನಿಂತಿರೋ ಖಾಕಿಯವನಿಗೂ ಅದು ಕ್ಷೇಮವೇ. ಆದರೆ ಅದೇ ಮಿಣುಕು ನೋಡಿದ ಹೆಲ್ಮೆಟ್ ಇಲ್ಲದವನು ಅಲ್ಲೇ ಗಕ್ಕನೆ ತಿರುಗಿಸಿಕೊಂಡು ರಾಂಗ್ ಸೈಡಿನಲ್ಲಿ ವಾಪಸ್ ಬರ್ತಾನೆ, ನಿಮ್ಮ ಮುಖದ ಮೇಲೆ. ಕುಡಿದವನು ಪಕ್ಕದ ಕ್ರಾಸ್ ಹಿಡಿದು ಯಾವುದೋ ಮನೆ ಮುಂದೆ ಮಕ್ಕಳು ಆಡೋ ಬೀದಿಗೆ ನುಗ್ಗುತ್ತಾನೆ. ಮಿಣುಕಿಸಿದವನಿಗೆ ಇದು ಯಾವತ್ತೂ ಗೊತ್ತಾಗಲ್ಲ, ಉಪಕಾರ ಮಾಡಿದ ಖುಷಿಯಲ್ಲಿ ಮುಂದೆ ಹೋಗಿರ್ತಾನೆ. ಹಗಲು ಹೊತ್ತಿನಲ್ಲಿ, ತಿರುವಿನ ಆಚೆ ಗಾಡಿಗಳು ನಿಂತಿವೆ ಅಂತ ಎಚ್ಚರಿಸೋಕೆ ನಾನೂ ಮಿಣುಕಿಸ್ತೀನಿ. ರಾತ್ರಿ ಹತ್ತರ ಮೇಲೆ ಮಿಣುಕಿಸಲ್ಲ. ಇದಕ್ಕಿಂತ ಚೊಕ್ಕವಾದ ನಿಯಮ ನನಗೆ ಸಿಕ್ಕಿಲ್ಲ.

ನಿಮ್ಮಲ್ಲಿ ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿಬಂದವರಿಗೆ ಅಲ್ಲಿನ 'ಮೂವ್ ಓವರ್' ಕಾನೂನು ಗೊತ್ತಿರುತ್ತೆ. ರಸ್ತೆ ಬದಿ ದೀಪ ಮಿನುಗಿಸುತ್ತಾ ಪೊಲೀಸ್ ಗಾಡಿ ಅಥವಾ ಆಂಬುಲೆನ್ಸ್ ನಿಂತಿದ್ದರೆ, ಹಾದು ಹೋಗುವವನು ಒಂದು ಲೇನ್ ಆಚೆ ಸರಿಯಬೇಕು, ಆಗದಿದ್ದರೆ ವೇಗ ತಗ್ಗಿಸಬೇಕು. ಅದು ಶುರುವಾದ ಕಥೆ ಸ್ವಾರಸ್ಯವಾಗಿದೆ. 1994ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಅಪಘಾತದ ಸ್ಥಳಕ್ಕೆ ನೆರವಿಗೆ ಬಂದಿದ್ದ ಪ್ಯಾರಾಮೆಡಿಕ್ ಒಬ್ಬನಿಗೆ ಹಾದು ಹೋಗ್ತಿದ್ದ ಗಾಡಿ ಗುದ್ದಿತು. ತನಿಖೆ ಮಾಡಿದ ಪೊಲೀಸರು ತಪ್ಪು ಆ ಪ್ಯಾರಾಮೆಡಿಕ್‌ನದ್ದೇ ಅಂದರು, ರಸ್ತೆ ಮೇಲೆ ಇದ್ದದ್ದು ಅವನು ತಾನೆ! ಬದುಕುಳಿದ ಆತ ಸುಮ್ಮನಿರದೆ ಕಾನೂನಿಗಾಗಿ ಓಡಾಡಿದ. 1996ರಲ್ಲಿ ಆ ರಾಜ್ಯ ಕಾನೂನು ಮಾಡಿತು, 2012ರ ಹೊತ್ತಿಗೆ ಐವತ್ತು ರಾಜ್ಯಗಳಲ್ಲೂ ಬಂತು. ಅಲ್ಲೇನೂ ಎಲ್ಲರೂ ಪಾಲಿಸಲ್ಲ, ಈಗಲೂ ರಸ್ತೆ ಬದಿ ಪೊಲೀಸರು ಸಾಯ್ತಾರೆ. ನನಗೆ ಮುಖ್ಯ ಅನಿಸಿದ್ದು ಬೇರೆ. ಹಾದು ಹೋಗುವವನಿಗೂ ಒಂದು ಕರ್ತವ್ಯ ಇದೆ ಅಂತ ಅಲ್ಲಿ ಬರೆದಿಟ್ಟರು.

ಮಂಡ್ಯದ ಆ ದಿನ ಹಿಂದಿನ ವಾಹನ ಓಡಿಸ್ತಿದ್ದವನ ಬಗ್ಗೆ ನಾನು ತುಂಬಾ ಯೋಚಿಸಿದ್ದೀನಿ. ಅವನು ಎಷ್ಟು ವೇಗದಲ್ಲಿದ್ದ, ಎಷ್ಟು ಅಂತರ ಬಿಟ್ಟಿದ್ದ, ಗೊತ್ತಿಲ್ಲ. ಅವನ ಪಾಡಿಗೆ ಅವನು ಹೋಗ್ತಿದ್ದ ಅಂತಲೇ ಇಟ್ಟುಕೊಳ್ಳೋಣ. ಅವನನ್ನು ಯಾರೂ ತಡೆದಿರಲಿಲ್ಲ, ಅವನೂ ಯಾರನ್ನೂ ತಡೆದಿರಲಿಲ್ಲ. ಉಳಿದ ಆಯುಷ್ಯವನ್ನೆಲ್ಲ ಅವನು ಆ ಒಂದು ಸೆಕೆಂಡಿನ ಜೊತೆ ಕಳೀಬೇಕು. ಯಾವ ಸೂಚನೆಯಲ್ಲೂ ಅವನಿಗೆ ಅಂತ ಒಂದು ಸಾಲು ಇರಲ್ಲ.

ಗೆಳೆಯನನ್ನು ಹಬ್ಬದ ದಿನ ಇನ್ನೊಂದು ಮಾತು ಕೇಳಿದ್ದೆ. ಕೈ ಎತ್ತಿ, ಹಿಂದೆ ಬಸ್ ಬರೋದು ಕಂಡು, ಕೈ ಇಳಿಸಿ ಬಿಟ್ಟು ಕಳಿಸಿದ್ದು ಉಂಟಾ ಅಂತ. "ದಿನಾ" ಅಂದ. ದಿನಕ್ಕೆ ಎಷ್ಟು? ತಲೆ ಅಲ್ಲಾಡಿಸಿದ. ಹಾಕಿದ ಕೇಸಿಗೆ ಲೆಕ್ಕ ಇದೆ, ಇಳಿಸಿದ ಕೈಗೆ ಯಾರು ಲೆಕ್ಕ ಇಡ್ತಾರೆ ಅಂತ ಹೇಳಿ ಊಟಕ್ಕೆ ಎದ್ದ.