ಹುಡುಗನ ತಪ್ಪು, ಯಾರ ಹೊಣೆ?

1803ರ ಸೆಪ್ಟೆಂಬರಿನಲ್ಲಿ ಲಂಡನ್ ಪಕ್ಕದ ಗ್ರೀನಿಚ್‌ನಲ್ಲಿ ಒಂದು ಗಿರಣಿಗಾಗಿ ಅಡಿಪಾಯ ತೋಡುವ ಕೆಲಸ ನಡೆದಿತ್ತು. ಗುಂಡಿಯಲ್ಲಿ ತುಂಬುತ್ತಿದ್ದ ನೀರನ್ನು ಎತ್ತಿ ಹೊರಹಾಕಲು ರಿಚರ್ಡ್ ಟ್ರೆವಿಥಿಕ್ ಎಂಬ ಎಂಜಿನಿಯರ್ ರೂಪಿಸಿದ ಉಗಿಯಂತ್ರವನ್ನು ಇಟ್ಟಿದ್ದರು. ಅದನ್ನು ನೋಡಿಕೊಳ್ಳಲು ಒಬ್ಬ ಹುಡುಗನಿದ್ದ. ಒಂದು ದಿನ ಹುಡುಗ ಯಂತ್ರವನ್ನು ಅಲ್ಲಿದ್ದ ಒಬ್ಬ ಕೂಲಿಯವನಿಗೆ ಒಪ್ಪಿಸಿ, ಅಡಿಪಾಯದ ನೀರಿನಲ್ಲಿ ಹಾವುಮೀನು ಹಿಡಿಯಲು ಹೋದ. ಯಂತ್ರ ಎಂದಿಗಿಂತ ಜೋರಾಗಿ ಓಡುವುದನ್ನು ಕಂಡ ಕೂಲಿಯವನು ಅದನ್ನು ನಿಲ್ಲಿಸಿದ. ಆದರೆ ಉಗಿ ಹೊರಬಿಡುವ ಸನ್ನೆಯನ್ನು ಒಂದು ಸ್ಪ್ಯಾನರ್ ಅದುಮಿ ಹಿಡಿದಿತ್ತು. ಅದನ್ನು ಅವನು ತೆಗೆಯಲಿಲ್ಲ. ಕೆಳಗೆ ಬೆಂಕಿ ಉರಿಯುತ್ತಿತ್ತು, ಒಳಗಿನ ಉಗಿಗೆ ಹೊರದಾರಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಎರಕದ ಕಬ್ಬಿಣದ ಬಾಯ್ಲರ್ ಸಿಡಿಯಿತು. ಮೂವರು ಅಲ್ಲೇ ಸತ್ತರು. ಇನ್ನೊಬ್ಬ ಗಾಯಗಳಿಂದ ಆಮೇಲೆ ಸತ್ತ.

ತಪ್ಪು ಯಾರದು? ಕೇಳಿದ ಕೂಡಲೇ ನಮ್ಮ ಬೆರಳು ಆ ಹುಡುಗನ ಕಡೆ ತಿರುಗುತ್ತದೆ. ಕೆಲಸ ಬಿಟ್ಟು ಮೀನು ಹಿಡಿಯಲು ಹೋದವನು ಅವನೇ ತಾನೆ? ಇಲ್ಲವೇ ಆ ಕೂಲಿಯವನು. ಈ ಉತ್ತರ ಸುಳ್ಳಲ್ಲ. ಆದರೆ ಅದನ್ನು ಒಪ್ಪುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಈ ಕಥೆ ನಮಗೆ ಸಿಕ್ಕಿರುವುದು ಟ್ರೆವಿಥಿಕ್ ಬರೆದ ಪತ್ರದಿಂದ. ಅಂದರೆ ಯಂತ್ರ ಮಾಡಿದವನ ಬಾಯಿಂದ. ಹುಡುಗನಾಗಲಿ ಕೂಲಿಯವನಾಗಲಿ ತಮ್ಮ ಕಡೆಯ ಮಾತನ್ನು ಬರೆದಿಟ್ಟವರಲ್ಲ. ಅನಾಹುತವಾದಾಗ ಯಾರು ಏನು ಮಾಡಿದರು ಎಂಬ ವಿವರಣೆ ಸಾಮಾನ್ಯವಾಗಿ ಮೇಲಿನವರಿಂದಲೇ ಬರುತ್ತದೆ, ತಪ್ಪು ಸಾಮಾನ್ಯವಾಗಿ ಕೆಳಗಿನವರಲ್ಲೇ ಸಿಗುತ್ತದೆ. ಉಗಿಯ ಚರಿತ್ರೆಯನ್ನು ಈ ಕಡೆಯಿಂದ ಓದಿದರೆ, ಅದು ತಪ್ಪು ಮತ್ತು ಹೊಣೆ ಎಂಬ ಎರಡು ಮಾತುಗಳನ್ನು ಬೇರೆಬೇರೆಯಾಗಿ ನೋಡಲು ಮನುಷ್ಯರು ನಿಧಾನವಾಗಿ ಕಲಿತ ಚರಿತ್ರೆಯೂ ಹೌದು.

ಟ್ರೆವಿಥಿಕ್‌ಗಿಂತ ಹಿಂದಿನ ಉಗಿಯಂತ್ರಗಳು ಬೇರೆ ಬಗೆಯವು. 1712ರ ಹೊತ್ತಿಗೆ ಥಾಮಸ್ ನ್ಯೂಕಮನ್ ಗಣಿಯ ನೀರೆತ್ತಲು ಮಾಡಿದ ಯಂತ್ರದಲ್ಲಿ ಉಗಿ ನೂಕುವ ಕೆಲಸ ಮಾಡುತ್ತಿರಲಿಲ್ಲ. ಸಿಲಿಂಡರಿನೊಳಗಿನ ಉಗಿಯನ್ನು ತಣ್ಣೀರು ಚಿಮುಕಿಸಿ ಮತ್ತೆ ನೀರಾಗಿಸುತ್ತಿದ್ದರು. ಒಳಗೆ ನಿರ್ವಾತವಾದಾಗ ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಗೆ ತಳ್ಳುತ್ತಿತ್ತು. ಜೇಮ್ಸ್ ವಾಟ್ ಉಗಿಯನ್ನು ತಣಿಸಲು ಬೇರೆಯೇ ಪಾತ್ರೆ ಇಟ್ಟು ಬಹಳಷ್ಟು ಕಲ್ಲಿದ್ದಲು ಉಳಿಸಿದ. 1769ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಪಾರ್ಲಿಮೆಂಟು ಅದನ್ನು 1800ರವರೆಗೆ ವಿಸ್ತರಿಸಿತು. ಆದರೆ ವಾಟ್ ಕೂಡ ಕಡಿಮೆ ಒತ್ತಡದ ಉಗಿಯಲ್ಲೇ ಉಳಿದ. ಅವನ ಯಂತ್ರ ಭಾರಿ ಗಾತ್ರದ್ದು, ಒಂದೇ ಕಡೆ ನಿಂತು ದುಡಿಯುವಂಥದ್ದು. ಟ್ರೆವಿಥಿಕ್ ಮಾಡಿದ್ದೆಂದರೆ ಉಗಿಯ ಒತ್ತಡವನ್ನು ಹಲವು ಪಟ್ಟು ಏರಿಸಿ, ಆ ಉಗಿಯಿಂದಲೇ ಪಿಸ್ಟನ್ನನ್ನು ನೂಕಿಸಿದ್ದು. ಆಗ ತಣಿಸುವ ಪಾತ್ರೆ ಬೇಡವಾಯಿತು, ಯಂತ್ರ ಚಿಕ್ಕದಾಯಿತು. ಚಿಕ್ಕದಾದದ್ದರಿಂದ ಗಾಲಿಯ ಮೇಲೆ ಕೂರಬಲ್ಲದ್ದಾಯಿತು. ರೈಲು ಹುಟ್ಟಿದ್ದು ಇಲ್ಲಿಂದ.

ಅಪಾಯ ಹುಟ್ಟಿದ್ದೂ ಇಲ್ಲಿಂದಲೇ. ನೀರು ಉಗಿಯಾದಾಗ ಸಾಮಾನ್ಯ ಒತ್ತಡದಲ್ಲಿ 1,600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹೆಚ್ಚಿನ ಒತ್ತಡದ ಬಾಯ್ಲರಿನಲ್ಲಿ ನೀರು ನೂರು ಡಿಗ್ರಿ ದಾಟಿದರೂ ನೀರಾಗಿಯೇ ಕೂತಿರುತ್ತದೆ. ಗೋಡೆ ಸೀಳಿದ ಕ್ಷಣ ಅದರಲ್ಲೊಂದು ದೊಡ್ಡ ಭಾಗ ಒಮ್ಮೆಗೇ ಉಗಿಯಾಗುತ್ತದೆ. ಬಾಯ್ಲರ್ ಸಿಡಿಯುವುದೆಂದರೆ ಬರೀ ಒಡೆಯುವುದಲ್ಲ.

ಹೆಚ್ಚಿನ ಒತ್ತಡದ ಉಗಿ ಜನರನ್ನು ಕೊಲ್ಲುತ್ತದೆ ಎಂದು ವಾಟ್ ಮೊದಲಿನಿಂದಲೂ ನಂಬಿದ್ದ. ಗ್ರೀನಿಚ್ ಘಟನೆಯಾದ ಮೇಲೆ ವಾಟ್‌ನ ಕಂಪನಿಯ ಕಡೆಯವರು ಅದನ್ನೇ ಎತ್ತಿ ಹಿಡಿದರು. ಇಂಥ ಯಂತ್ರವನ್ನು ಬಳಕೆಗೆ ತಂದದ್ದಕ್ಕೆ ತನ್ನನ್ನು ನೇಣಿಗೇರಿಸಬೇಕೆಂದು ವಾಟ್ ಹೇಳಿದ್ದನಂತೆ ಎಂದು ಟ್ರೆವಿಥಿಕ್ ತನ್ನ ಕೊನೆಗಾಲದ ಪತ್ರವೊಂದರಲ್ಲಿ ನೊಂದುಕೊಂಡಿದ್ದಾನೆ. ವಾಟ್‌ನ ಎಚ್ಚರಿಕೆಯ ಹಿಂದೆ ವ್ಯಾಪಾರದ ಲೆಕ್ಕವಿರಲಿಲ್ಲವೇ? ಇದ್ದಿರಬಹುದು. ಆದರೆ ಹೇಳುವವನಿಗೆ ಲಾಭವಿದೆ ಎಂದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ. ಮುಂದಿನ ನೂರು ವರ್ಷ ವಾಟ್‌ನ ಭಯ ನಿಜವೆಂದೂ ತೋರಿಸಿತು, ಟ್ರೆವಿಥಿಕ್‌ನ ಭರವಸೆ ನಿಜವೆಂದೂ ತೋರಿಸಿತು. ನೈತಿಕ ಪ್ರಶ್ನೆ ಕಷ್ಟವಾಗುವುದು ಹೀಗೆ ಎರಡೂ ಕಡೆ ಸತ್ಯವಿದ್ದಾಗ.

ಟ್ರೆವಿಥಿಕ್ ಮುಂದೇನು ಮಾಡಿದ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅವನು ಎರಡು ಕೆಲಸ ಮಾಡಿದ. ಅನಾಹುತಕ್ಕೆ ಕಾರಣ ನೋಡಿಕೊಳ್ಳುವವರ ಅಜಾಗ್ರತೆಯೇ ಹೊರತು ಯಂತ್ರದ ತತ್ವವಲ್ಲ ಎಂದು ವಾದಿಸಿದ. ಅದೇ ಹೊತ್ತಿಗೆ ಯಂತ್ರವನ್ನೂ ಬದಲಾಯಿಸಿದ. ಒಂದರ ಬದಲು ಎರಡು ಸೇಫ್ಟಿ ವಾಲ್ವ್ ಇಡಲು, ಒತ್ತಡ ಮಿತಿಮೀರಿದರೆ ಉಗಿಗೆ ದಾರಿಯಾಗುವ ಪಾದರಸದ ಮಾಪಕ ಇಡಲು ತೀರ್ಮಾನಿಸಿದ. ಬೆಂಕಿಯ ನೇರಕ್ಕೆ ಬಾಯ್ಲರಿನಲ್ಲಿ ಒಂದು ಸೀಸದ ಬಿರಡೆ ಕೂರಿಸುವ ಉಪಾಯವೂ ಅವನದೇ. ಒಳಗಿನ ನೀರು ತಳ ಹಿಡಿದರೆ ಸೀಸ ಕರಗುತ್ತದೆ. ಆ ತೂತಿನಿಂದ ಉಗಿ ನುಗ್ಗಿ ಒತ್ತಡ ಇಳಿಯುತ್ತದೆ, ಬೆಂಕಿಯೂ ಕುಂದುತ್ತದೆ.

ಇಲ್ಲಿ ಒಂದು ಅಸಂಗತಿ ಕಾಣುವುದಿಲ್ಲವೇ? ತಪ್ಪು ಪೂರ್ತಿ ಹುಡುಗನದೇ ಆಗಿದ್ದರೆ ಬದಲಾಗಬೇಕಾದದ್ದು ಹುಡುಗ. ಯಂತ್ರವನ್ನೇಕೆ ಮುಟ್ಟಬೇಕು? ಮಾತಿನಲ್ಲಿ ಒಪ್ಪದ್ದನ್ನು ಟ್ರೆವಿಥಿಕ್ ತನ್ನ ಕೈಕೆಲಸದಲ್ಲಿ ಒಪ್ಪಿಕೊಂಡ ಎಂದು ನನಗೆ ಅನ್ನಿಸುತ್ತದೆ. ಹುಡುಗರು ಆಟಕ್ಕೆ ಓಡುತ್ತಾರೆ. ಗೊತ್ತಿಲ್ಲದವರು ಗೊತ್ತಿಲ್ಲದ ಹಾಗೆಯೇ ನಡೆದುಕೊಳ್ಳುತ್ತಾರೆ. ದಣಿದವರು ಮರೆಯುತ್ತಾರೆ. ಇದು ಮೊದಲೇ ಊಹಿಸಬಹುದಾದ ಸಂಗತಿ. ಊಹಿಸಬಹುದಾದ ಒಂದು ಚಿಕ್ಕ ತಪ್ಪಿಗೆ ನಾಲ್ಕು ಪ್ರಾಣ ಬೆಲೆಯಾಗುವಂತೆ ಯಂತ್ರ ಕಟ್ಟಿದ್ದರೆ, ತಪ್ಪು ಮಾಡಿದವನು ಒಬ್ಬ, ಆ ಬೆಲೆ ನಿಗದಿ ಮಾಡಿದವನು ಇನ್ನೊಬ್ಬ.

ಕನ್ನಡದಲ್ಲಿ ತಪ್ಪು ಎಂದರೂ ಹೊಣೆ ಎಂದರೂ ಎಷ್ಟೋ ಸಲ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ತಪ್ಪು ಹಿಂದಕ್ಕೆ ನೋಡುತ್ತದೆ. ನಡೆದುಹೋದದ್ದಕ್ಕೆ ಒಬ್ಬ ಮನುಷ್ಯನನ್ನು ಹುಡುಕುತ್ತದೆ. ಹೊಣೆ ಮುಂದಕ್ಕೆ ನೋಡುತ್ತದೆ. ಸಾಲಕ್ಕೆ ಹೊಣೆ ನಿಂತವನನ್ನು ನೆನೆಯಿರಿ. ಅವನು ಸಾಲ ಮಾಡಿದವನಲ್ಲ, ತೀರಿಸದೆ ಬಿಟ್ಟವನೂ ಅಲ್ಲ. ಆದರೂ ಸಾಲ ತೀರದಿದ್ದರೆ ಅವನು ನುಣುಚಿಕೊಳ್ಳುವಂತಿಲ್ಲ. ತಪ್ಪಿಲ್ಲದೆಯೂ ಹೊಣೆ ಇರಬಲ್ಲದು. ಬಾಯ್ಲರ್ ಮಾಡಿದವನು, ಕೊಂಡವನು, ಓಡಿಸುವವನು, ಓಡಿಸಲು ಅನುಮತಿ ಕೊಡುವವನು ಎಲ್ಲರೂ ಈ ಅರ್ಥದಲ್ಲಿ ಹೊಣೆ ನಿಂತವರು.

ಗ್ರೀನಿಚ್ ಅನಾಹುತವಾಗಿ ಐದು ತಿಂಗಳಿಗೆ, 1804ರ ಫೆಬ್ರವರಿಯಲ್ಲಿ, ವೇಲ್ಸ್‌ನ ಪೆನಿಡ್ಯಾರನ್‌ನಲ್ಲಿ ಟ್ರೆವಿಥಿಕ್‌ನ ಉಗಿಬಂಡಿ 10 ಟನ್ ಕಬ್ಬಿಣವನ್ನೂ ಸುಮಾರು 70 ಜನರನ್ನೂ ಹಳಿಯ ಮೇಲೆ ಒಂಬತ್ತು ಮೈಲಿಗೂ ಹೆಚ್ಚು ದೂರ ಎಳೆಯಿತು. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗಕ್ಕೆ ಎಂಜಿನ್ ಆರಿಸಲು 1829ರಲ್ಲಿ ರೇನ್‌ಹಿಲ್‌ನಲ್ಲಿ ಸ್ಪರ್ಧೆ ನಡೆಯಿತು. ಸ್ಟೀಫನ್ಸನ್ನರ ರಾಕೆಟ್ ಗೆದ್ದ ಕಥೆ ಎಲ್ಲರಿಗೂ ಗೊತ್ತು. ಆ ಸ್ಪರ್ಧೆಯ ನಿಯಮಗಳಲ್ಲಿ ಒಂದು ಹೀಗಿತ್ತು: ಎಂಜಿನ್ನಿಗೆ ಎರಡು ಸೇಫ್ಟಿ ವಾಲ್ವ್ ಇರಬೇಕು, ಯಾವುದನ್ನೂ ಕಟ್ಟಿಹಾಕಬಾರದು, ಎರಡರಲ್ಲಿ ಒಂದು ಚಾಲಕನ ಹಿಡಿತಕ್ಕೆ ಪೂರ್ತಿ ಹೊರಗಿರಬೇಕು.

ಇದು ಚಾಲಕನಿಗೆ ಮಾಡುವ ಅವಮಾನವಲ್ಲವೇ ಎಂದು ಯಾರಾದರೂ ಕೇಳಬಹುದು. ದಿನವಿಡೀ ಯಂತ್ರದ ಜೊತೆ ಬದುಕುವವನ ಕೈಯನ್ನೇ ನಂಬದ ಯಂತ್ರವಿದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೈಗೆ ಸಿಗುವ ವಾಲ್ವನ್ನು ಮೇಲಿನವರ ಒತ್ತಾಯಕ್ಕೂ ಕಟ್ಟಬಹುದು. ಬೇಗ ತಲುಪಿಸು ಎಂದು ಮಾಲೀಕ ಗದರಿದಾಗ ಕೂಲಿಗೆ ದುಡಿಯುವವನು ಆಗದು ಎನ್ನುವುದು ಸುಲಭವಲ್ಲ. ಕೈಗೆ ಸಿಗದ ವಾಲ್ವ್ ಅವನ ಪರವಾಗಿ ಆಗದು ಎನ್ನುತ್ತದೆ. ಅದು ಅವನನ್ನು ಕಡಿಮೆ ನಂಬುತ್ತದೆ, ಜೊತೆಗೆ ಕಡಿಮೆ ದೂಷಿಸುತ್ತದೆ. ಆದರೆ ನಿಯಮ ಅಲ್ಲಿಗೇ ನಿಂತರೆ ಅರ್ಧ ನ್ಯಾಯ. ಚಾಲಕನ ಕೈಗೆ ಸಿಗದ ವಾಲ್ವ್ ಬೇಕೆಂದಾದರೆ, ಮಾಲೀಕನ ಕೈಗೆ ಸಿಗದ ವಾಲ್ವೂ ಒಂದು ಬೇಕು.

ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಎರಡು ಉದಾಹರಣೆ ನೋಡಿ. 1831ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್ಸ್‌ಟನ್ ಎಂಬ ರೈಲು ಎಂಜಿನ್ ಸಿಡಿಯಿತು. ಉಗಿಯ ಸದ್ದು ತಾಳಲಾರದೆ ಫೈರ್‌ಮನ್ ಸೇಫ್ಟಿ ವಾಲ್ವನ್ನು ಒತ್ತಿ ಹಿಡಿದನೆಂದು ಹೇಳಲಾಯಿತು. ಅವನು ಸತ್ತ. ಮತ್ತೆ ತಪ್ಪು ಕೆಳಗಿನವನದೇ, ಮತ್ತೆ ಅವನ ಮಾತು ಕೇಳಲು ಅವನಿಲ್ಲ. ಆ ಬಳಿಕ ರೈಲಿನವರು ಪ್ರಯಾಣಿಕರ ಭಯ ಕಳೆಯಲು ಎಂಜಿನ್ನಿಗೂ ಬೋಗಿಗಳಿಗೂ ನಡುವೆ ಹತ್ತಿಯ ಮೂಟೆ ಪೇರಿಸಿದ ಒಂದು ಬಂಡಿಯನ್ನು ಜೋಡಿಸಿದರು. ಹತ್ತಿಯ ಗೋಡೆಯ ಹಿಂದೆ ಟಿಕೆಟು ಕೊಂಡವರು ಇದ್ದರು. ಮುಂದೆ, ಬಾಯ್ಲರಿನ ಪಕ್ಕ, ಚಾಲಕ ಮತ್ತು ಫೈರ್‌ಮನ್ ಇದ್ದರು. ಯಾರ ಜೀವಕ್ಕೆ ಎಷ್ಟು ಬೆಲೆ ಎಂಬುದನ್ನು ಒಂದು ಸಮಾಜ ಪುಸ್ತಕದಲ್ಲೇ ಬರೆಯಬೇಕೆಂದಿಲ್ಲ. ಬಂಡಿಗಳನ್ನು ಜೋಡಿಸುವ ಕ್ರಮದಲ್ಲೂ ಬರೆಯುತ್ತದೆ.

ಎರಡನೆಯದು ನದಿಯ ಮೇಲಿನದು. ಉಗಿಹಡಗುಗಳ ಬಾಯ್ಲರ್‌ಗಳು ಮೇಲಿಂದ ಮೇಲೆ ಸಿಡಿದದ್ದರಿಂದ ಅಮೆರಿಕದ ಕಾಂಗ್ರೆಸ್ 1838ರಲ್ಲಿ ತಪಾಸಣೆಯ ಕಾನೂನು ಮಾಡಿತು. ಅದು ಸಾಲದೆ 1852ರಲ್ಲಿ ಇನ್ನಷ್ಟು ಬಿಗಿ ಕಾನೂನು ತಂದಿತು. ಹಾಗಿದ್ದೂ 1865ರ ಏಪ್ರಿಲಿನಲ್ಲಿ ಮಿಸಿಸಿಪಿ ನದಿಯಲ್ಲಿ ಸುಲ್ತಾನಾ ಎಂಬ ಹಡಗು ಸಿಡಿಯಿತು. ಕಾನೂನಿನ ಪ್ರಕಾರ ಅದರಲ್ಲಿ ಹೋಗಬಹುದಾಗಿದ್ದವರು 376 ಜನ. ಇದ್ದವರು 2,000ಕ್ಕೂ ಹೆಚ್ಚು. ಬಹುಪಾಲು ಅಂತರ್ಯುದ್ಧದ ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಹೊರಟಿದ್ದ ಸೈನಿಕರು. ಅವರನ್ನು ಸಾಗಿಸಲು ಸರ್ಕಾರ ತಲೆಗಿಷ್ಟು ಎಂದು ಹಣ ಕೊಡುತ್ತಿತ್ತು. ಸೋರುತ್ತಿದ್ದ ಬಾಯ್ಲರಿಗೆ ಪೂರ್ತಿ ರಿಪೇರಿಯ ಬದಲು ಅವಸರದಲ್ಲಿ ತೇಪೆ ಹಾಕಿಸಿದ್ದರು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಒಬ್ಬ ಸೇನಾಧಿಕಾರಿಯ ವಿಚಾರಣೆ ನಡೆದು ತಪ್ಪಿತಸ್ಥನೆಂದು ತೀರ್ಪಾಯಿತು, ಆಮೇಲೆ ಅದೂ ರದ್ದಾಯಿತು. ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಹೊಣೆ ಎಲ್ಲರದು ಎಂದರೆ ಯಾರದೂ ಅಲ್ಲ ಎಂದಾಗುವುದಿಲ್ಲವೇ? ನನ್ನ ವಾದಕ್ಕೆ ಇದೇ ದೊಡ್ಡ ಆಕ್ಷೇಪ, ಸುಲ್ತಾನಾ ಅದಕ್ಕೆ ಸಾಕ್ಷಿಯಂತೆಯೂ ಕಾಣುತ್ತದೆ. ಆದರೆ ಅಲ್ಲಿ ನಡೆದದ್ದು ಹೊಣೆಯನ್ನು ಹಂಚಿಕೊಂಡದ್ದಲ್ಲ, ತಪ್ಪನ್ನು ಹಂಚಿದ್ದು. ತಪ್ಪನ್ನು ಹತ್ತು ಜನಕ್ಕೆ ಹಂಚಿದರೆ ಒಬ್ಬೊಬ್ಬನ ಪಾಲು ಚಿಕ್ಕದಾಗುತ್ತದೆ, ಪ್ರತಿಯೊಬ್ಬನೂ ಇನ್ನೊಬ್ಬನತ್ತ ಕೈ ತೋರಿಸಬಹುದು. ಹೊಣೆ ಹಾಗೆ ಕರಗುವುದಿಲ್ಲ. ಒಂದು ಮಗುವಿಗೆ ತಂದೆಯೂ ತಾಯಿಯೂ ಹೊಣೆ ಎಂದರೆ ಒಬ್ಬೊಬ್ಬರದು ಅರ್ಧರ್ಧ ಎಂದಲ್ಲ, ಇಬ್ಬರದೂ ಪೂರ್ತಿ. ಹತ್ತಿಸಿಕೊಳ್ಳುವಾಗ ತಲೆ ಎಣಿಸಬೇಕಾದವನಿಗೆ ಅದು ಪೂರ್ತಿ ಹೊಣೆ. ತೇಪೆ ಸಾಕೆಂದವನಿಗೂ ಪೂರ್ತಿ ಹೊಣೆ. ಹಾಗೆಂದು ತಪ್ಪನ್ನು ಹುಡುಕುವುದೇ ಬೇಡ ಎನ್ನುವಂತಿಲ್ಲ. ಅಪಾಯ ಗೊತ್ತಿದ್ದೂ ಹಣಕ್ಕಾಗಿ ಕಣ್ಣು ಮುಚ್ಚಿದವನಿಗೆ ಶಿಕ್ಷೆಯಾಗಲೇಬೇಕು. ಆದರೆ ಶಿಕ್ಷೆ ಕೊಟ್ಟ ಕೂಡಲೇ ಕೆಲಸ ಮುಗಿಯಿತೆಂದು ನಾವು ಎದ್ದು ಹೋಗುವಂತಿಲ್ಲ.

ಇನ್ನೊಂದು ಆಕ್ಷೇಪವೂ ಇದೆ. ಇಷ್ಟೆಲ್ಲ ಯೋಚಿಸುತ್ತಾ ಕೂತಿದ್ದರೆ ರೈಲು ಬರುತ್ತಿತ್ತೇ? ವಾಟ್‌ನ ಮಾತಿಗೆ ಕಿವಿಗೊಟ್ಟು ನಿಂತಿದ್ದರೆ ಬಹುಶಃ ತಡವಾಗುತ್ತಿತ್ತು. ಹೊಸದನ್ನು ಮಾಡುವಾಗ ಅಪಾಯ ತಪ್ಪಿದ್ದಲ್ಲ ಎಂಬುದನ್ನು ಒಪ್ಪೋಣ. ಆದರೆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವವನು ಬೇರೆ, ಬೇರೆಯವರ ಮೈಮೇಲೆ ಹಾಕುವವನು ಬೇರೆ. ಗ್ರೀನಿಚ್‌ನ ಗುಂಡಿಯ ಬಳಿ ಇದ್ದವರನ್ನು ಹೊಸ ಬಗೆಯ ಬಾಯ್ಲರಿನ ಪಕ್ಕ ದುಡಿಯಲು ಒಪ್ಪಿಗೆಯೇ ಎಂದು ಕೇಳಿದವರು ಯಾರು?

ನಮ್ಮಲ್ಲೂ ಈ ಪಾಠ ಸಾವಿನಿಂದಲೇ ಬಂದದ್ದು. 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರೊಂದು ಸಿಡಿದು ಹಲವರು ಸತ್ತ ಮೇಲೆ, 1864ರಲ್ಲಿ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂತು. ಇಡೀ ದೇಶಕ್ಕೆ ಒಂದೇ ನಿಯಮ ತಂದದ್ದು 1923ರ ಬಾಯ್ಲರ್ ಕಾಯ್ದೆ. ಅಪಘಾತವಾದರೆ 24 ಗಂಟೆಯೊಳಗೆ ಇನ್‌ಸ್ಪೆಕ್ಟರಿಗೆ ಬರಹದಲ್ಲಿ ತಿಳಿಸಬೇಕೆಂದು ಅದು ಹೇಳಿತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಮಾಲೀಕನ ಕೈಗೆ ಸಿಗದ ವಾಲ್ವ್ ಎಂದು ನಾನು ಕರೆದದ್ದು ಇದನ್ನೇ. ಇನ್‌ಸ್ಪೆಕ್ಟರ್ ನಿಜವಾಗಿಯೂ ಕೈಗೆ ಸಿಗದವನಾಗಿ ಉಳಿದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಉಗಿಯ ಕಾಲ ಮುಗಿಯಿತು ಎಂದು ಯಾರೂ ಹೇಳುವಂತಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಲ್ಲಿ ಟರ್ಬೈನ್ ತಿರುಗಿಸುವುದು ಉಗಿ. ಕೈಗಾದ ಅಣುಸ್ಥಾವರದಲ್ಲೂ ಉಗಿಯೇ. ಅಡುಗೆಮನೆಯ ಕುಕ್ಕರಿನ ಮುಚ್ಚಳದಲ್ಲಿ, ವಿಷಲ್ಲಿನ ಪಕ್ಕ, ಒಂದು ಚಿಕ್ಕ ಬಿಲ್ಲೆಯಿದೆ. ನೀರು ಬತ್ತಿ ಬಿಸಿ ಮಿತಿಮೀರಿದರೆ ಅದರೊಳಗಿನ ಲೋಹ ಕರಗಿ ಹಬೆ ಹೊರಬರುತ್ತದೆ. ಟ್ರೆವಿಥಿಕ್‌ನ ಸೀಸದ ಬಿರಡೆಯ ವಂಶದ್ದು ಅದು. ಒಲೆಯ ಮೇಲೆ ಇಟ್ಟವರು ಮರೆತರೋ, ಮಗುವನ್ನು ಎತ್ತಿಕೊಳ್ಳಲು ಓಡಿದರೋ, ಯಾರದೋ ಜೊತೆ ಮಾತಿಗೆ ನಿಂತರೋ ಎಂದು ಅದು ವಿಚಾರಣೆ ಮಾಡುವುದಿಲ್ಲ. ಮನುಷ್ಯರು ಮರೆಯುತ್ತಾರೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಅದನ್ನು ಅಲ್ಲಿ ಕೂರಿಸಿದ್ದಾರೆ. ಕಾರ್ಖಾನೆಯಲ್ಲೋ ಮ್ಯಾನ್‌ಹೋಲಿನಲ್ಲೋ ಕಟ್ಟಡದ ಸಾರುವೆಯ ಮೇಲೋ ಒಬ್ಬ ಸತ್ತ ಮರುದಿನ, ಕಾರ್ಮಿಕನ ನಿರ್ಲಕ್ಷ್ಯವೇ ಕಾರಣ ಎಂಬ ಸಾಲನ್ನು ಪತ್ರಿಕೆಯಲ್ಲಿ ಓದುತ್ತೇವೆ. ಆಗ ನಾವು ಕೇಳಬೇಕಾದದ್ದು ಇಷ್ಟೇ: ಅಲ್ಲಿ ಆ ಬಿಲ್ಲೆಯನ್ನು ಯಾರು ಕೂರಿಸಬೇಕಿತ್ತು?