ಹಳೆಯ ಹುಳಿ ಮತ್ತು ಮಗುವಿನ ಪ್ರಶ್ನೆ

ತಪಸ್ಸುಕಾಲದ ಒಂದು ಭಾನುವಾರ ಹೊಸದುರ್ಗದಲ್ಲಿ ಬಲಿಪೂಜೆ ಮುಗಿಸಿಕೊಂಡು ಊರಿಗೆ ಹಿಂತಿರುಗುತ್ತಿದ್ದೆವು. ಬಸ್ಸಿನಲ್ಲಿ ನನ್ನ ಹತ್ತು ವರ್ಷದ ಮಗಳು ಇದ್ದಕ್ಕಿದ್ದಂತೆ ಕೇಳಿದಳು: "ಅಪ್ಪಾ, ತೋಟದ ಮನೆಯವರ ಹತ್ರ ನಾವ್ಯಾಕೆ ಮಾತಾಡಲ್ಲ?"

ತೋಟದ ಮನೆಯವರೆಂದರೆ ಬೇರೆ ಯಾರೂ ಅಲ್ಲ, ನನ್ನ ದೊಡ್ಡಪ್ಪನ ಮಕ್ಕಳು. ಪಾಲಾದಾಗ ಬಾವಿಯಿರುವ ತೋಟ ದೊಡ್ಡಪ್ಪನಿಗೆ ಹೋಯಿತು. ನೀರಿಲ್ಲದ ಹೊಲ ನಮ್ಮಪ್ಪನಿಗೆ ಬಂತು. ಬಾವಿಯ ನೀರಿನಲ್ಲಿ ನಮಗೂ ಪಾಲುಂಟು ಎಂದು ಪಂಚಾಯ್ತಿಯಲ್ಲಿ ಆಡಿದ ಮಾತು ನಡೆಯಲಿಲ್ಲ. ಬೇಸಿಗೆ ಬಂದಾಗಲೆಲ್ಲ ಅಪ್ಪ ಆ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರು. ನಾವು ಅದನ್ನು ಕೇಳುತ್ತಲೇ ಬೆಳೆದೆವು. ದೊಡ್ಡಪ್ಪ ತೀರಿಕೊಂಡಾಗ ಅಪ್ಪ ಮಣ್ಣಿಗೆ ಹೋಗಲಿಲ್ಲ. ಈಗ ಅಪ್ಪನೂ ಇಲ್ಲ, ಕಥೆ ಮಾತ್ರ ನನ್ನ ಬಳಿ ಉಳಿದಿದೆ. ಅದನ್ನು ಮಗಳಿಗೆ ಹೇಳಬೇಕೇ, ಬೇಡವೇ? ಹೇಳುವುದಾದರೆ ಹೇಗೆ ಹೇಳಬೇಕು? ಅಂದು ನನಗೆ ಉತ್ತರ ಹೊಳೆಯಲಿಲ್ಲ. "ಆಮೇಲೆ ಹೇಳ್ತೀನಿ" ಎಂದು ಸುಮ್ಮನಾದೆ.

ಪ್ರಿಯ ಓದುಗರೇ, ನಮಗಾದ ಅನ್ಯಾಯವನ್ನು ಮಕ್ಕಳಿಗೆ ಹೇಗೆ ಹೇಳಬೇಕು ಎಂಬ ಈ ಪ್ರಶ್ನೆಯನ್ನು ಮೂರು ಸಾವಿರ ವರ್ಷಗಳಿಂದ ಯೋಚಿಸುತ್ತ ಬಂದ ಒಂದು ಜನಾಂಗವಿದೆ. ಅವರು ಯೆಹೂದ್ಯರು. ನಮ್ಮ ಪ್ರಭು ಯೇಸು ಹುಟ್ಟಿದ್ದು ಆ ಜನಾಂಗದಲ್ಲೇ. ಕಡೆಯ ಭೋಜನಕ್ಕೆ ಅವರು ಕುಳಿತದ್ದೂ ಪಾಸ್ಕಹಬ್ಬದ ಆ ದಿನಗಳಲ್ಲೇ. ನಾವು ಶಿಲುಬೆ ಹಾದಿ ಮಾಡುತ್ತ ಪವಿತ್ರ ವಾರಕ್ಕೆ ಸಿದ್ಧರಾಗುವ ಹೊತ್ತಿನಲ್ಲಿ ಅವರ ಮನೆಗಳಲ್ಲಿ ಪಾಸ್ಕದ ಸಿದ್ಧತೆ ನಡೆದಿರುತ್ತದೆ.

ಹಬ್ಬಕ್ಕೆ ಮೂವತ್ತು ದಿನ ಮೊದಲೇ ಅದರ ನಿಯಮಗಳನ್ನು ಓದಿ ಕಲಿಯಲು ಶುರುಮಾಡಬೇಕೆಂಬುದು ಅವರ ಹಿರಿಯರ ಕಟ್ಟಳೆ. ಊರಿನ ಬಡವರಿಗೆ ಹಬ್ಬದ ರೊಟ್ಟಿಗೆ ಬೇಕಾದ ಗೋಧಿಗಾಗಿ ಹಣ ಕೂಡಿಸುವುದು ಮೊದಲ ಕೆಲಸಗಳಲ್ಲಿ ಒಂದು. ಈ ಪದ್ಧತಿ ಬಹಳ ಪುರಾತನವಾದದ್ದು. ಹಬ್ಬದ ಮುಂಚಿನ ವಾರಗಳ ಕೆಲವು ಸಬ್ಬತ್ ದಿನಗಳಿಗೆ ಪ್ರತ್ಯೇಕ ಹೆಸರು, ಪ್ರತ್ಯೇಕ ವಾಚನ ಉಂಟು. ಹಬ್ಬಕ್ಕೆ ತೀರ ಹತ್ತಿರದ ಸಬ್ಬತ್ತನ್ನು 'ಮಹಾ ಸಬ್ಬತ್' ಎನ್ನುತ್ತಾರೆ. ಅಂದು ಪ್ರಾರ್ಥನಾ ಮಂದಿರದಲ್ಲಿ ಗುರುಗಳು ದೀರ್ಘವಾಗಿ ಉಪದೇಶ ಮಾಡುತ್ತಾರೆ.

ಅಷ್ಟರಲ್ಲಿ ಮನೆಯಲ್ಲಿ ಹುಳಿಯ ಬೇಟೆ ನಡೆದಿರುತ್ತದೆ. ಹುದುಗು ಬಂದ ಹಿಟ್ಟಿನ ಒಂದು ಚೂರೂ ಹಬ್ಬದಲ್ಲಿ ಮನೆಯೊಳಗೆ ಉಳಿಯಬಾರದು. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆಯ ನಮ್ಮ ಅಕ್ಕತಂಗಿಯರಿಗೆ ಇದು ಬೇಗ ಅರ್ಥವಾದೀತು. ಹೆಚ್ಚುಕಡಿಮೆ ಇದೇ ದಿನಗಳಲ್ಲಿ ನೆರೆಹೊರೆಯವರು ಯುಗಾದಿಗೆಂದು ಅಟ್ಟದಿಂದ ಪಾತ್ರೆ ಇಳಿಸಿ, ಗೋಡೆಗೆ ಸುಣ್ಣ ಬಳಿದು, ಮೂಲೆಮೂಲೆ ಗುಡಿಸುತ್ತಾರೆ. ಪಾಸ್ಕದ ಹಿಂದಿನ ರಾತ್ರಿ ಯೆಹೂದ್ಯ ಮನೆಯ ಯಜಮಾನ ಮೇಣದ ಬತ್ತಿ ಹಿಡಿದು, ಮಕ್ಕಳನ್ನು ಕರೆದುಕೊಂಡು, ಮೂಲೆ ಸಂದಿಗಳಲ್ಲಿ ಹುಳಿಯ ಚೂರುಗಳನ್ನು ಹುಡುಕುತ್ತಾನೆ. ಸಿಕ್ಕಿದ್ದನ್ನು ಮಾರನೆಯ ಬೆಳಿಗ್ಗೆ ಸುಡುತ್ತಾರೆ.

ಇದೇನೂ ದೂರದೇಶದ ಸಂಗತಿಯಲ್ಲ. ನಮ್ಮ ನೆರೆಯ ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾ ಮಂದಿರ ಇಂದಿಗೂ ಇದೆ. ಅಲ್ಲಿಯ ಹೆಂಗಸರು ತಿಂಗಳುಗಟ್ಟಲೆ ಮುಂಚೆಯೇ ಪಾಸ್ಕದ ಕೆಲಸಕ್ಕೆ ತೊಡಗುತ್ತಿದ್ದರು. ಮನೆಗೆ ಸುಣ್ಣ ಬಳಿಸಿ, ಅಕ್ಕಿಯ ಒಂದೊಂದು ಕಾಳನ್ನೂ ಆರಿಸಿ, ಹಬ್ಬದ ಪಾತ್ರೆಗಳನ್ನೇ ಬೇರೆ ಇಟ್ಟಿರುತ್ತಿದ್ದರು. 1950ರ ದಶಕದಲ್ಲಿ ಹೆಚ್ಚಿನವರು ಇಸ್ರಯೇಲಿಗೆ ಹೊರಟುಹೋದರು. ಈಗ ಉಳಿದವರು ಬೆರಳೆಣಿಕೆಯಷ್ಟು ಮಂದಿ. ನಮ್ಮ ಬೆಂಗಳೂರಿನಲ್ಲಿ ಪ್ರಾರ್ಥನಾ ಮಂದಿರ ಕಟ್ಟುವಷ್ಟು ಯೆಹೂದ್ಯರು ಇರಲಿಲ್ಲ. ಆದರೆ ಮೈಸೂರು ರಸ್ತೆಯ ಬಳಿ ಅವರದೊಂದು ಸಣ್ಣ ಸ್ಮಶಾನವಿದೆ. ಆ ಜಾಗವನ್ನು 1904ರಲ್ಲಿ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು.

ಕೊಂಕಣ ತೀರದ 'ಬೆನೆ ಇಸ್ರಯೇಲ್' ಜನರದು ಇನ್ನೂ ವಿಚಿತ್ರವಾದ ಸಂಗತಿ. ಅವರು ಎಣ್ಣೆ ಗಾಣದ ಕಸುಬು ಮಾಡಿಕೊಂಡು, ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣ 'ಶನಿವಾರ ತೇಲಿ' ಎನಿಸಿಕೊಂಡಿದ್ದರು. ಶತಮಾನಗಳ ಕಾಲ ಬೇರೆ ಯೆಹೂದ್ಯರ ಸಂಪರ್ಕವಿಲ್ಲದೆ ಮೋಶೆ, ಫರೋಹ ಮುಂತಾದ ಕಥೆಯೇ ಅವರಿಗೆ ಮಸುಕಾಗಿ ಹೋಗಿತ್ತು. ಆದರೂ ವಸಂತದಲ್ಲಿ ಹುಳಿ ವ್ಯಂಜನದ ಜಾಡಿಯ ಬಾಯಿ ಮುಚ್ಚಿಡುವ ಹಬ್ಬವೊಂದನ್ನು ಬಿಡದೆ ಆಚರಿಸುತ್ತಿದ್ದರು. ಏಕೆ ಮುಚ್ಚುತ್ತೇವೆಂಬುದು ಮರೆತುಹೋಗಿತ್ತು. ಮುಚ್ಚುವುದು ಮಾತ್ರ ಉಳಿದಿತ್ತು. ಕೊಚ್ಚಿಯಿಂದ ಬಂದ ಬೋಧಕರು ಆ ಕಥೆಯನ್ನು ಅವರಿಗೆ ಮತ್ತೆ ಕಲಿಸಿದರು.

ನನಗೆ ಇಲ್ಲಿ ನಮ್ಮ ಮನೆಯೇ ನೆನಪಾಗುತ್ತದೆ. ನಾನು ಮಗಳಿಗೆ ಏನನ್ನೂ ಹೇಳದೆ ಹೋದರೆ ಜಗಳದ ಕಾರಣ ಮರೆತುಹೋದೀತು. ಆದರೆ ಮಾತು ಬಿಟ್ಟಿದ್ದು ಹಾಗೇ ಮುಂದುವರಿಯುತ್ತದೆ. ಕಾರಣ ಗೊತ್ತಿಲ್ಲದ ಹಗೆಯನ್ನು ತೀರಿಸುವುದು ಹೇಗೆ? ಆದ್ದರಿಂದ ಮರೆವು ಇದಕ್ಕೆ ಮದ್ದಲ್ಲ. ಪಾಸ್ಕದ ರಾತ್ರಿ ಮನೆಯ ಅತಿ ಚಿಕ್ಕ ಮಗು ಪ್ರಶ್ನೆ ಕೇಳಬೇಕು, ದೊಡ್ಡವರು ಉತ್ತರ ಹೇಳಬೇಕು ಎಂಬ ಪದ್ಧತಿ ಇರುವುದು ಅದಕ್ಕೇ.

ಹಾಗಾದರೆ ಹೇಗೆ ಹೇಳಬೇಕು? ಅವರು ಹೇಳುವ ರೀತಿಯಲ್ಲಿ ನಾಲ್ಕು ಸಂಗತಿಗಳನ್ನು ನಾವು ಗಮನಿಸಬೇಕು.

ಮೊದಲನೆಯದಾಗಿ, ಕಥೆಯನ್ನು ತಮ್ಮ ಹಿರಿಮೆಯಿಂದ ಆರಂಭಿಸುವಂತಿಲ್ಲ. ನಮ್ಮ ಪೂರ್ವಜರು ವಿಗ್ರಹಾರಾಧಕರಾಗಿದ್ದರು, ನಾವು ಗುಲಾಮರಾಗಿದ್ದೆವು ಎಂದು ತಮ್ಮ ಕುಂದಿನಿಂದ ತೊಡಗಿ ದೇವರ ಸ್ತುತಿಯಲ್ಲಿ ಮುಗಿಸಬೇಕು. ಎರಡನೆಯದಾಗಿ, ಈಜಿಪ್ಟಿಗೆ ಬಂದ ಹತ್ತು ಪಿಡುಗುಗಳನ್ನು ಹೆಸರಿಸುವಾಗ ಒಂದೊಂದು ಹೆಸರಿಗೂ ದ್ರಾಕ್ಷಾರಸದ ಒಂದೊಂದು ಹನಿಯನ್ನು ಪಾತ್ರೆಯಿಂದ ಹೊರಗೆ ತೆಗೆಯುತ್ತಾರೆ. ನಮ್ಮ ಬಿಡುಗಡೆಗಾಗಿ ಬೇರೆಯವರು ನರಳಿದರು, ಆದುದರಿಂದ ನಮ್ಮ ಸಂತೋಷದ ಪಾತ್ರೆ ತುಂಬಿರಬಾರದು ಎಂದು ಇದಕ್ಕೆ ಅರ್ಥ ಹೇಳುವುದುಂಟು. ಮೂರನೆಯದಾಗಿ, ಆ ನೆನಪು ಸೇಡಾಗದೆ ಕಟ್ಟಳೆಯಾಗುತ್ತದೆ. ನೀವೇ ಪರದೇಶಿಗಳಾಗಿದ್ದವರು, ಆದುದರಿಂದ ಪರದೇಶಿಯನ್ನು ಪೀಡಿಸಬೇಡಿ ಎಂಬ ಮಾತು ವಿಮೋಚನಾಕಾಂಡದಲ್ಲಿ ಬರುತ್ತದೆ; ಈಜಿಪ್ಟಿನವನನ್ನು ಸಹ ಅಸಹ್ಯಪಡಬಾರದು ಎನ್ನುತ್ತದೆ ಧರ್ಮೋಪದೇಶಕಾಂಡ. ನಾಲ್ಕನೆಯದು, ಫರೋಹನ ಮಗಳನ್ನು ಕಥೆಯಿಂದ ತೆಗೆದುಹಾಕಿಲ್ಲ. ಗಂಡುಮಕ್ಕಳನ್ನು ನೀರಿಗೆಸೆಯಲು ಹೇಳಿದವನು ಫರೋಹ. ನೀರಿನಿಂದ ಮೋಶೆಯನ್ನು ಎತ್ತಿಕೊಂಡವಳು ಅವನ ಮಗಳು. ಇಬ್ಬರೂ ಒಂದೇ ಅರಮನೆಯವರು.

ಈ ನಾಲ್ಕು ಮಾತುಗಳನ್ನು ಹಿಡಿದು ನಮ್ಮ ನಾಡಿನ ಚರಿತ್ರೆಯನ್ನೊಮ್ಮೆ ನೋಡೋಣ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದು ಮದಕರಿ ನಾಯಕರ ಕುಟುಂಬವನ್ನೂ ಸುಮಾರು 20,000 ಬೇಡ ಜನರನ್ನೂ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1783ರಲ್ಲಿ ಬಿದನೂರಿನಲ್ಲಿ ಟಿಪ್ಪುವಿಗೆ ಶರಣಾದ ಆಂಗ್ಲ ಸೈನ್ಯದವರಲ್ಲಿ ಒಂದು ಭಾಗ ನಮ್ಮ ದುರ್ಗದಲ್ಲೇ ಸೆರೆಯಿತ್ತು. 1784ರ ಫೆಬ್ರವರಿಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಕೆನರಾ ಕರಾವಳಿಯ ಕಥೋಲಿಕರನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಬದುಕುಳಿದವರಿಗೆ 1799ರಲ್ಲಿ ಬಿಡುಗಡೆಯಾಯಿತು. ಅದೇ ಕಾಲದ ಯುದ್ಧದಲ್ಲಿ ಸೆರೆಸಿಕ್ಕವರಲ್ಲಿ ಬೆನೆ ಇಸ್ರಯೇಲ್ ಸಮುದಾಯದ ಒಬ್ಬ ಅಧಿಕಾರಿಯೂ ಇದ್ದರು. ಅವರ ಹೆಸರು ಸ್ಯಾಮುವೆಲ್ ಎಜೆಕಿಯೆಲ್ ದಿವೇಕರ್.

ಬೇಡರು ತಮ್ಮ ಸೆರೆಯನ್ನು ನೆನೆಯುತ್ತಾರೆ, ನಾವು ನಮ್ಮದನ್ನು ನೆನೆಯುತ್ತೇವೆ. ಒಂದೇ ನದಿಯ ದ್ವೀಪದಲ್ಲಿ ಇಬ್ಬರೂ ಸೆರೆಯಲ್ಲಿದ್ದರೆಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ತನ್ನ ಗಾಯವನ್ನು ಮಾತ್ರ ಎಣಿಸುವ ನೆನಪಿಗೆ ಪಕ್ಕದ ಕೈದಿಯೂ ಕಾಣಿಸುವುದಿಲ್ಲ.

ದಿವೇಕರ್ ತಮ್ಮ ಸೆರೆಯನ್ನು ಹೇಗೆ ನೆನೆದರು? ಟಿಪ್ಪುವಿನ ತಾಯಿ ಇವರು ಇಸ್ರಯೇಲ್ ವಂಶದವರೆಂದು ತಿಳಿದು, ಧರ್ಮಗ್ರಂಥದಲ್ಲಿ ಕೇಳಿದ ಜನರನ್ನು ಕೊಲ್ಲಬಾರದೆಂದು ಮಗನನ್ನು ಕೇಳಿಕೊಂಡಳು ಎನ್ನುತ್ತದೆ ಆ ಸಮುದಾಯದ ಐತಿಹ್ಯ. ಬಿಡುಗಡೆಯಾದರೆ ಪ್ರಾರ್ಥನಾ ಮಂದಿರ ಕಟ್ಟಿಸುತ್ತೇನೆಂದು ಹರಕೆ ಹೊತ್ತಿದ್ದ ಅವರು 1796ರಲ್ಲಿ ಮುಂಬಯಿಯಲ್ಲಿ ಅದನ್ನು ಕಟ್ಟಿಸಿದರು. ಆ ಮಂದಿರಕ್ಕೆ ಇಂದಿರುವ ಹೆಸರಿನ ಅರ್ಥ 'ದಯೆಯ ದ್ವಾರ'. ಶತ್ರುವಿನ ಮನೆಯೊಳಗಿನ ಒಬ್ಬ ತಾಯಿಯ ಕರುಣೆಯನ್ನು ಆ ಜನ ಇನ್ನೂರು ವರ್ಷ ಮರೆತಿಲ್ಲ. ನಮ್ಮ ಚರಿತ್ರೆಯನ್ನು ಹೇಳುವಾಗಲೂ 1791ರಲ್ಲಿ ಮರಾಠಾ ಸವಾರರು ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವು ಕಳುಹಿಸಿದವನು ಅದೇ ಟಿಪ್ಪು ಎಂಬುದನ್ನು ಬಿಡಬಾರದು. ಅದರಿಂದ ಸೆರೆಯ ನೋವು ಸುಳ್ಳಾಗುವುದಿಲ್ಲ. ಹೇಳುವವರ ಮಾತಿಗೆ ಬೆಲೆ ಬರುತ್ತದೆ.

ಇನ್ನು ನಮ್ಮ ಕುಂದಿನಿಂದ ಕಥೆ ಆರಂಭಿಸುವ ವಿಷಯ. ಯೂರೋಪಿನಲ್ಲಿ ಅನೇಕ ಶತಮಾನಗಳ ಕಾಲ ಪಾಸ್ಕದ ಮುಂಚಿನ ವಾರಗಳು ಯೆಹೂದ್ಯರಿಗೆ ಭಯದ ವಾರಗಳಾಗಿದ್ದವು. ಕ್ರೈಸ್ತ ಮಕ್ಕಳ ರಕ್ತವನ್ನು ಹಬ್ಬದ ರೊಟ್ಟಿಗೆ ಬೆರೆಸುತ್ತಾರೆಂಬ ಘೋರ ಸುಳ್ಳನ್ನು ಹಬ್ಬಿಸಿ ಕ್ರೈಸ್ತರೇ ಅವರನ್ನು ಕೊಂದರು. 1903ರಲ್ಲಿ ಕಿಷಿನೆವ್ ಪಟ್ಟಣದಲ್ಲಿ ಅವರ ಮೇಲೆ ಹಲ್ಲೆ ಶುರುವಾದದ್ದು ನಮ್ಮ ಪುನರುತ್ಥಾನ ಹಬ್ಬದ ದಿನವೇ. ನಮ್ಮ ದೇಶದಲ್ಲೂ 1560ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಧರ್ಮವಿಚಾರಣೆಯು ಮತಾಂತರಗೊಂಡ ಯೆಹೂದ್ಯರ ಸಂತತಿಯವರನ್ನು ಹಿಂಸಿಸಿತು. ಕ್ರಿಸ್ತನ ಮರಣದ ಹೊಣೆಯನ್ನು ಎಲ್ಲ ಯೆಹೂದ್ಯರ ಮೇಲೆ ಹೊರಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರಲ್ಲಿ. ಪೋಪ್ ದ್ವಿತೀಯ ಜಾನ್ ಪೌಲರು 1986ರಲ್ಲಿ ರೋಮಿನ ಯೆಹೂದ್ಯ ಪ್ರಾರ್ಥನಾ ಮಂದಿರಕ್ಕೆ ಭೇಟಿಯಿತ್ತರು. 2000ದ ಮಾರ್ಚಿನಲ್ಲಿ, ತಪಸ್ಸುಕಾಲದಲ್ಲೇ, ಜೆರುಸಲೇಮಿನ ಪಶ್ಚಿಮ ಗೋಡೆಯ ಸಂದಿನಲ್ಲಿ ಕ್ಷಮಾಯಾಚನೆಯ ಪ್ರಾರ್ಥನೆಯನ್ನಿಟ್ಟರು. 1784ನ್ನು ಮಕ್ಕಳಿಗೆ ಹೇಳುವ ನಾವು ಇವುಗಳನ್ನೂ ಹೇಳದಿದ್ದರೆ ಅರ್ಧ ಕಥೆಯನ್ನಷ್ಟೇ ಹೇಳಿದಂತೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅದನ್ನು ತಳ್ಳಿಹಾಕುವಂತಿಲ್ಲ. ಇಂದಿಗೂ ಹೋಟೆಲಿನಲ್ಲಿ ಬೇರೆ ಲೋಟ ಕಂಡವರು, ಸ್ಮಶಾನದಲ್ಲಿ ಬೇರೆ ಮೂಲೆ ಕಂಡವರು ನಮ್ಮ ನಡುವೆ ಇದ್ದಾರೆ. "ನಮ್ಮ ಬೆನ್ನ ಮೇಲೆ ಏಟು ಬೀಳುತ್ತಿರುವಾಗಲೇ ಹೊಡೆಯುವವನಿಗಾಗಿ ಮರುಗಬೇಕೇ?" ಎಂದು ಅವರು ಕೇಳಿದರೆ ಏನು ಹೇಳೋಣ? ಪಾಸ್ಕದ ಕಥೆಯ ಕ್ರಮವನ್ನೇ ನೋಡಬೇಕು. ಇಟ್ಟಿಗೆ ಹೊರುತ್ತಿದ್ದ ಗುಲಾಮನಿಗೆ ಫರೋಹನನ್ನು ಪ್ರೀತಿಸು ಎಂದು ದೇವರು ಹೇಳಿ ಕಳುಹಿಸಲಿಲ್ಲ. ನನ್ನ ಜನರನ್ನು ಬಿಡು ಎಂದು ಫರೋಹನಿಗೆ ಹೇಳಿ ಕಳುಹಿಸಿದರು. ಪಾತ್ರೆಯಿಂದ ಹನಿ ತೆಗೆಯುವುದು ಸಮುದ್ರ ದಾಟಿದ ಮೇಲಿನ ಮಾತು. ಮೊದಲು ನ್ಯಾಯ, ಆಮೇಲೆ ಮರುಕ. ಕಷ್ಟದಲ್ಲಿರುವವನಿಗೆ ಕ್ಷಮೆಯ ಉಪದೇಶ ಮಾಡಿ ಅವನ ನ್ಯಾಯವನ್ನು ಮುಂದೂಡುವವರು ಪಾಸ್ಕದ ಅರ್ಥವನ್ನು ತಿಳಿದವರಲ್ಲ.

ಆದರೆ ನನ್ನ ಸಂಗತಿ ಹಾಗಿಲ್ಲ. ನಮ್ಮ ಹೊಲದಲ್ಲಿ ಈಗ ಕೊಳವೆ ಬಾವಿಯಿದೆ. ನಾನು ಎಂದೋ ಸಮುದ್ರ ದಾಟಿ ಆಗಿದೆ. ಆದರೂ ಅಪ್ಪನ ಹಳೆಯ ಹುಳಿಯನ್ನು ಗಡಿಗೆಯಲ್ಲಿಟ್ಟು, ಅದರಿಂದಲೇ ವರ್ಷವರ್ಷವೂ ಹೊಸ ಹಿಟ್ಟನ್ನು ಹುದುಗಿಸುತ್ತಿದ್ದೇನೆ. ಕೊರಿಂಥದವರಿಗೆ ಬರೆಯುತ್ತ ಸಂತ ಪೌಲರು ಹಳೆಯ ಹುಳಿಯನ್ನು ತೆಗೆದುಹಾಕಲು ಹೇಳಿದ್ದು ಇಂಥ ಗಡಿಗೆಯನ್ನು ಕುರಿತೇ ಇರಬೇಕು.

ಬತ್ತಿ ಹಿಡಿದು ಹುಡುಕಿದರೆ ನಮ್ಮ ಕಥೆಯಲ್ಲೂ ಬಿಟ್ಟುಹೋದ ಭಾಗಗಳಿವೆ. ಪಾಲಿನ ಹಿಂದಿನ ವರ್ಷ ತೋಟದ ಮೇಲೆ ಸಾಲ ಮಾಡಿದವರು ನಮ್ಮಪ್ಪ. ಆ ಸಾಲ ತೀರಿಸಿದವರು ದೊಡ್ಡಪ್ಪ. ನನಗೆ ಐದು ವರ್ಷವಿದ್ದಾಗ ಜ್ವರ ಏರಿದ ರಾತ್ರಿ ನನ್ನನ್ನು ಹೆಗಲ ಮೇಲೆ ಹೊತ್ತು ಹೊಸದುರ್ಗದ ಆಸ್ಪತ್ರೆಯವರೆಗೆ ನಡೆದವರೂ ಅವರೇ. ಇದನ್ನು ನನಗೆ ಹೇಳಿದ್ದು ಅವ್ವ, ಅದೂ ಅಪ್ಪ ಹೋದ ಮೇಲೆ.

ಕಳೆದ ವಾರ ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಸಾಲದಿಂದ ಆರಂಭಿಸಿ ಬಾವಿಗೆ ಬಂದೆ, ಹೆಗಲನ್ನೂ ಬಿಡಲಿಲ್ಲ. ನೀರಿನ ವಿಷಯದಲ್ಲಿ ಅಜ್ಜನಿಗೆ ಅನ್ಯಾಯವಾದದ್ದು ನಿಜ ಎಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಈಗ ಮಾತಾಡ್ಬಹುದಾ?" ಎಂದಳು.

ಗರಿಗಳ ಭಾನುವಾರ ಪೂಜೆ ಮುಗಿದ ಮೇಲೆ ತೋಟದ ಮನೆಗೆ ಹೋಗಬೇಕೆಂದಿದ್ದೇವೆ. ಅವರು ಬಾಗಿಲು ತೆರೆಯುತ್ತಾರೋ ಇಲ್ಲವೋ ನನಗೆ ತಿಳಿಯದು. ತೆರೆಯದಿದ್ದರೂ ಬಾವಿಯ ಕಥೆಯನ್ನು ನಮ್ಮ ಮನೆಯಲ್ಲಿ ಇನ್ನು ಅರ್ಧಕ್ಕೆ ನಿಲ್ಲಿಸಿ ಹೇಳುವುದಿಲ್ಲ.