ದೂರುವ ಮುನ್ನ ದೋಷ ಹುಡುಕೋಣ



ಒಕ್ಕಲಿಗನಿಗೆ ಎತ್ತು ಹೇಗೋ ವ್ಯಾಪಾರಿಗೆ ಲಾರಿ ಹಾಗೆ. ಖಾನಾಪುರ, ಅನಮೋಡ ಘಾಟ್, ಪೋಂಡಾ ದಾಟಿ ಗೋವೆಯ ವೆರ್ಣಾ ಕೈಗಾರಿಕಾ ವಸಾಹತಿಗೆ ಮಾಲು ಒಯ್ಯುವವರು ನಮ್ಮ ಭಕ್ತರಲ್ಲಿ ಅನೇಕರಿದ್ದಾರೆ. ಬಸವಾದಿ ಶರಣರು ಯಾವ ಕಾಯಕವನ್ನೂ ಕೀಳೆನ್ನಲಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯನವರಿಗೂ ಕಟ್ಟಿಗೆ ಮಾರಿದ ಮೋಳಿಗೆ ಮಾರಯ್ಯನವರಿಗೂ ಸಮಾನ ಗೌರವ ಸಂದಿತು. ಹಾಗಿರುವಾಗ ನಿದ್ದೆಗೆಟ್ಟು ಘಾಟ್ ಹತ್ತಿ ಇಳಿಯುವ ಡ್ರೈವರನದೂ ಕಾಯಕವೇ ಅಲ್ಲವೇ?

ಈಚೆಗೆ ಮಠಕ್ಕೆ ಒಂದು ತಕರಾರು ಬಂತು. ಭಕ್ತರೊಬ್ಬರ ಹಳೆಯ ಲಾರಿ ವೆರ್ಣಾದಲ್ಲಿ ಮಾಲು ಇಳಿಸಿ ರಾತ್ರಿ ನಿಂತಿತು. ಬೆಳಿಗ್ಗೆ ಬಹಳ ಹೊತ್ತು ಸ್ಟಾರ್ಟ್ ಆಗಲಿಲ್ಲ. ಆದ ಮೇಲೂ ಮಿಸ್ಸಿಂಗ್, ಘಾಟ್ ಏರುವಾಗ ಪಿಕಪ್ ಇಲ್ಲ. ಡ್ರೈವರ್ ಡೀಸೆಲ್ ಮಾರಿಕೊಂಡು ಸೀಮೆಎಣ್ಣೆ ಬೆರೆಸಿದ್ದಾನೆಂದು ಮಾಲೀಕರು ತೀರ್ಮಾನಿಸಿ ಅವನ ತಿಂಗಳ ಪಗಾರ ಹಿಡಿದರು. ಒಂದು ಗ್ಯಾರೇಜಿನವರು ಪಂಪನ್ನೇ ಬದಲಿಸಬೇಕೆಂದರು.

ಆಗ ವಯಸ್ಸಾದ ಮಿಸ್ತ್ರಿಯೊಬ್ಬರು ಅವಸರಪಡದೆ, ಡೀಸೆಲ್ ಹರಿಯುವ ದಾರಿಯನ್ನು ಟ್ಯಾಂಕಿನಿಂದಲೇ ನೋಡುತ್ತ ಬಂದರು. ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿದರು. ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಡೀಸೆಲ್ ಮುಂದಕ್ಕೆ ಬರುವುದಿಲ್ಲ. ಅಲ್ಲಿ ದೋಷವಿರಲಿಲ್ಲ. ಫಿಲ್ಟರಿನ ತಳದಿಂದ ಸ್ವಲ್ಪ ಇಳಿಸಿ ಬಾಟಲಿಯಲ್ಲಿ ಹಿಡಿದರು, ನೀರಿರಲಿಲ್ಲ. ಅನಂತರ ಅದೇ ಟ್ಯಾಂಕಿನ ಡೀಸೆಲ್ಲನ್ನು ಒಂದು ಕ್ಯಾನಿಗೆ ತೆಗೆದು, ಹೊಸ ಪೈಪಿನಿಂದ ನೇರವಾಗಿ ಫೀಡ್ ಪಂಪಿಗೆ ಜೋಡಿಸಿ, ಕೈಪಂಪ್ ಒತ್ತಿ ಗಾಳಿ ತೆಗೆದರು. ಎಂಜಿನ್ ಸರಾಗವಾಗಿ ಓಡಿತು!

ಇದರ ಅರ್ಥವೇನು? ಅದೇ ಡೀಸೆಲ್ಲಿನಲ್ಲಿ ಎಂಜಿನ್ ಓಡಿದ ಮೇಲೆ ಡ್ರೈವರ್ ನಿರ್ದೋಷಿ, ಪಂಪೂ ನಿರ್ದೋಷಿ. ದೋಷವಿದ್ದದ್ದು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಹಳೆಯ ರಬ್ಬರ್ ಪೈಪಿನ ಕೂದಲೆಳೆಯಂಥ ಬಿರುಕಿನಲ್ಲಿ. ಆ ಭಾಗದಲ್ಲಿ ಪಂಪ್ ಡೀಸೆಲ್ಲನ್ನು ಎಳೆಯುತ್ತದೆ. ಆದ್ದರಿಂದ ಹೊರಗೆ ಹನಿ ಸೋರದೆಯೂ ಒಳಗೆ ಗಾಳಿ ನುಗ್ಗುತ್ತದೆ. ರಾತ್ರಿ ನಿಂತಾಗ ಡೀಸೆಲ್ ಟ್ಯಾಂಕಿಗೆ ಹಿಂದೆ ಸರಿಯುತ್ತದೆ. ಬೆಳಗಿನ ತೊಂದರೆಗೆ ಕಾರಣ ಇದೇ.

ಬಂಧುಗಳೇ, ಕಣ್ಣಿಗೆ ಕಾಣುವ ಸೋರಿಕೆಗಿಂತ ಕಾಣದೆ ಒಳನುಗ್ಗುವ ಗಾಳಿ ಹೆಚ್ಚು ಕೆಡಿಸುತ್ತದೆ. ಮನಸ್ಸಿಗೆ ಸಂಶಯವೂ ಅಂಥದೇ ಗಾಳಿ. ಲೆಕ್ಕ ಬರೆಯುವ ನಾವು ಬಲ್ಲೆವು: ತಾಳೆಪಟ್ಟಿ ಕೂಡದಿದ್ದರೆ ಗುಮಾಸ್ತನನ್ನು ಕಳ್ಳನೆನ್ನುವುದಿಲ್ಲ, ಮೊದಲ ವೋಚರಿನಿಂದ ಒಂದೊಂದೇ ನಮೂದು ನೋಡುತ್ತೇವೆ. ಮನುಷ್ಯನ ವಿಷಯದಲ್ಲಿ ಮಾತ್ರ ಅವಸರವೇಕೆ?

ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನವರು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ, ಮರಳಿ ಸುರಿದು ಬರಲು ಹೇಳಿದರು. ದುಡಿದವನ ಪಗಾರ ನಮ್ಮ ಪೆಟ್ಟಿಗೆಯಲ್ಲಿ ಉಳಿದರೆ ಅದೂ ನಮ್ಮದಲ್ಲದ ಅಕ್ಕಿಯೇ. ಅದರಲ್ಲಿ ದಾಸೋಹ ಮಾಡಿದರೆ ಶಿವನು ಮೆಚ್ಚುವನೇ?

ಮಾಲೀಕರು ಪಗಾರವನ್ನು ಪೂರ್ತಿ ಕೊಟ್ಟರು. ಆದರೆ ಹೋದ ಹೆಸರು ಹಣದಷ್ಟು ಬೇಗ ಮರಳದು. ಆದ್ದರಿಂದ ಯಾವ ಚಹಾದಂಗಡಿಯಲ್ಲಿ ದೂರಿದ್ದರೋ ಅಲ್ಲಿಯೇ ಹೋಗಿ, 'ಹುಡುಗನದು ತಪ್ಪಿಲ್ಲ' ಎಂದು ನಾಲ್ಕು ಜನರೆದುರು ಹೇಳಿದರು. ಇದು ದೊಡ್ಡತನ.

ಮಳೆಗಾಲದಲ್ಲಿ ಸಂಜೆಯೇ ಟ್ಯಾಂಕ್ ತುಂಬಿಸಿದರೆ ಒಳಗೆ ತೇವ ಕೂಡುವುದು ಕಡಿಮೆ. ಫಿಲ್ಟರಿನ ನೀರನ್ನು ತಪ್ಪದೆ ಇಳಿಸಿರಿ, ಹಳೆಯ ರಬ್ಬರ್ ಪೈಪುಗಳನ್ನು ಬದಲಿಸಿರಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಓಡುವ ಎಂಜಿನ್ನಿನ ನೋಝಲ್ ಪೈಪು ಸಡಿಲಿಸುವ ಹಳೆಯ ಪದ್ಧತಿ ಅಲ್ಲಿ ಬೇಡ. ಚಿಮ್ಮುವ ಡೀಸೆಲ್ ಚರ್ಮದೊಳಗೇ ಹೊಗುತ್ತದೆ.

ಯಂತ್ರವನ್ನು ತಾಳ್ಮೆಯಿಂದ ನೋಡೋಣ, ಅದನ್ನು ನಡೆಸುವವನನ್ನು ಅದಕ್ಕಿಂತ ಹೆಚ್ಚು ತಾಳ್ಮೆಯಿಂದ ನೋಡೋಣ.